ಒಂಬತ್ತು ಪಿನ್ನಿನ ಲ್ಯಾಪ್‌ಟಾಪು

ಟೆಲಿಫೋನ್ ಎಕ್ಸ್‌ಚೇಂಜ್ ಕೂಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: ಯಾವ ಲ್ಯಾಪ್‌ಟಾಪ್ ತಗೊಳ್ಳಬೇಕು? ನಾನು ಬಾಯಿ ತೆರೆಯುವುದರೊಳಗೆ ಅವರೇ ಅದರ ಕಂಪನಿ, ಬಣ್ಣ, ವೇಗ ಎಲ್ಲ ಹೇಳಿ ಮುಗಿಸಿರುತ್ತಾರೆ. ನಾನು ಕೇಳುವುದು ಬೇರೆ. ಅದನ್ನು ತಿರುಗಿಸಿ ಹಿಂಭಾಗ ನೋಡಿದಿರಾ? ನೋಡಿಲ್ಲ ಅನ್ನುತ್ತಾರೆ. ಹಾಗಾದರೆ ಇನ್ನೂ ದುಡ್ಡು ಕೊಡಬೇಡಿ ಅನ್ನುತ್ತೇನೆ. ಯಾಕೆ ಹಾಗನ್ನುತ್ತೇನೆ ಎಂದು ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಾಗೆ ನೋಡಿದರೆ ನಿವೃತ್ತಿಯಾದ ಮೇಲೆ ಒಂದು ಕಡೆ ಕೂತು ಬರೆಯುವುದೂ ನನಗೆ ಸುಲಭವಲ್ಲ. ಈ ನಾಲ್ಕು ಸಾಲು ಬರೆಯುವುದರೊಳಗೆ ಎರಡು ಸಲ ಎದ್ದು ಬಾಗಿಲತನಕ ಹೋಗಿ ಬಂದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ನನ್ನ ಊರು ಇಂಡಿ. ಹೆಸರು ರಜಿಯಾ. ಮೊದಲು ಊರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಹೊರಗಿನಿಂದ ಬಂದ ಕರೆಯನ್ನು ಮಾಲೀಕರಿಗೋ ಗೋದಾಮಿಗೋ ಕೊಡುವುದು, ಅಷ್ಟೇ ಕೆಲಸ. ಮಿಲ್ಲಿನ ಫೋನುಗಳನ್ನೆಲ್ಲ ಹೊರಗಿನ ಲೈನಿಗೆ ಕೂಡಿಸುವ ಡಬ್ಬಿಗೆ ಎಕ್ಸ್‌ಚೇಂಜ್ ಅನ್ನುತ್ತಾರೆ. ಅದು ಕೆಟ್ಟಾಗ ವಿಜಯಪುರದಿಂದ ಬಿರಾದಾರ ಸರ್ ಬರುತ್ತಿದ್ದರು. ಈ ಮಷೀನುಗಳನ್ನು ಮಾರಿ, ಕೂಡಿಸಿ, ರಿಪೇರಿ ಮಾಡುವ ಅಂಗಡಿ ಅವರದು. ಅವರು ಗೋಡೆಯ ಮೇಲಿನ ಡಬ್ಬಿ ಬಿಚ್ಚಿದರೆ ನಾನು ಕುರ್ಚಿ ಬಿಟ್ಟು ಹೋಗಿ ಹಿಂದೆ ನಿಲ್ಲುತ್ತಿದ್ದೆ. ಒಂದು ದಿನ ಅವರು ಹುಡುಕುತ್ತಿದ್ದ ತಪ್ಪು ನನ್ನ ಕಣ್ಣಿಗೆ ಬಿತ್ತು. ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಮ್ಮಲ್ಲಿ ಕೆಲಸಕ್ಕೆ ಬರ್ತೀರೇನು ಎಂದು ಕೇಳಿದರು. ಮನೆಯಲ್ಲಿ ಎರಡು ದಿನ ಮಾತು ನಡೆಯಿತು. ಹೆಣ್ಣುಮಗಳು ಊರೂರು ತಿರುಗುವ ಕೆಲಸವೇ ಎಂದು ಅತ್ತೆ ಕೇಳಿದರು. ನನ್ನ ಯಜಮಾನರು ಸಾಲಿ ಮಾಸ್ತರು, ಮಾತು ಕಮ್ಮಿ. "ಆಕಿಗಿ ಒಂದ ಕಡೆ ಕುಂದ್ರಾಕ ಆಗಂಗಿಲ್ಲ ಅವ್ವಾ, ಹೋಗ್ಲಿ ಬಿಡು" ಅಂದರು. ಅದು ಹೊಗಳಿಕೆಯೋ ದೂರೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಸಿಂದಗಿಯ ಒಂದು ಲಾಡ್ಜಿಗೆ ಮೊದಲ ಸಲ ಒಬ್ಬಳೇ ಹೋದಾಗ ಮಾಲೀಕರು ನನ್ನ ಹಿಂದೆ ಮುಂದೆ ನೋಡಿ, ಮಿಸ್ತ್ರಿ ಎಲ್ಲಿ ಎಂದು ಕೇಳಿದರು. ನಾನೇ ಅಂದೆ. ಅವರು ಚಹಾ ತರಿಸಿದರು, ಆದರೆ ಎಕ್ಸ್‌ಚೇಂಜ್ ಇರುವ ಕೋಣೆಯ ಕೀಲಿ ಕೊಡಲಿಲ್ಲ. ಬಿರಾದಾರ ಸರ್‌ಗೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಂಡ ಮೇಲೇ ಕೊಟ್ಟರು. ಅಲ್ಲಿ ಆಗಿದ್ದೇನೆಂದರೆ, ಅವರ ಮಗ ಆಪರೇಟರ್ ಫೋನಿನ ಗುಂಡಿಗಳನ್ನು ಒತ್ತಿ ಒತ್ತಿ ಎಲ್ಲವನ್ನೂ ಅದಲುಬದಲು ಮಾಡಿದ್ದ. ಗಿರಾಕಿಗಳು ಚಹಾ ಕೇಳಿದರೆ ಮಾಲೀಕರ ಮನೆಯ ದೇವರ ಕೋಣೆಯ ಫೋನು ಬಾರಿಸುತ್ತಿತ್ತು. ಪೂಜೆಗೆ ಕೂತ ಅವರ ತಾಯಿ ದಿನಾ ಯಾರಿಗೋ ಚಹಾ ಇಲ್ಲ ಎಂದು ಹೇಳಿ ಹೇಳಿ ಬೇಸತ್ತಿದ್ದರು.

ಆಗ ನಮ್ಮ ರೀತಿ ಹಾಗೇ ಇತ್ತು. ಆಪರೇಟರ್ ಫೋನಿನಲ್ಲೇ ಸ್ಟಾರ್, ಹ್ಯಾಶ್ ಗುಂಡಿ ಒತ್ತಿ, ಕೋಡ್ ಹೊಡೆದು ಪ್ರೋಗ್ರಾಂ ಮಾಡಬೇಕು. ಸರಿಯಿದ್ದರೆ ಗಿಡ್ಡ ಸದ್ದು, ತಪ್ಪಿದ್ದರೆ ಉದ್ದ ಸದ್ದು. ಮಷೀನಿನ ಹೊಟ್ಟೆಯಲ್ಲಿ ಏನು ಬರೆದಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಕೈಯಾಡಿಸಿ ಸಾಮಾನು ಹುಡುಕಿದ ಹಾಗೆ. ಮನೆಗೆ ಬಂದು ಊಟಕ್ಕೆ ಕೂತರೂ ತಲೆಯಲ್ಲಿ ಅದೇ: ಕೊನೆಯ ಕೋಡಿಗೆ ಬಂದದ್ದು ಗಿಡ್ಡ ಸದ್ದೋ, ಉದ್ದ ಸದ್ದೋ?

ಅದಕ್ಕೇ ಅಂಗಡಿಗೆ ಮೊದಲ ಲ್ಯಾಪ್‌ಟಾಪ್ ಬಂದಾಗ ನನಗೆ ಆದ ಖುಷಿ ಇಷ್ಟಿಷ್ಟಲ್ಲ. ದಪ್ಪನೆಯ ಕರಿ ಮಷೀನು. ಇಂಡಿಯಿಂದ ಬಸವನ ಬಾಗೇವಾಡಿಗೆ ಹೋಗುವಷ್ಟರಲ್ಲಿ ಹೆಗಲು ಇಳಿದುಹೋಗುವಷ್ಟು ಭಾರ. ಬ್ಯಾಟರಿ ನಂಬುವ ಹಾಗಿರಲಿಲ್ಲ; ಹೋದ ಕಡೆ ಮೊದಲು ಗೋಡೆಯ ಪ್ಲಗ್ ಎಲ್ಲಿದೆ ಎಂದೇ ನೋಡುತ್ತಿದ್ದೆ. ಆದರೆ ಅದರ ಹಿಂಭಾಗದಲ್ಲಿ ಒಂಬತ್ತು ಪಿನ್ನಿನ ಒಂದು ಪೋರ್ಟ್ ಇತ್ತು. ಸೀರಿಯಲ್ ಪೋರ್ಟ್ ಅನ್ನುತ್ತಾರೆ. ಎಕ್ಸ್‌ಚೇಂಜಿನಿಂದ ಬಂದ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿ ಎರಡು ಸ್ಕ್ರೂ ತಿರುಗಿಸಿದರೆ ಮುಗಿಯಿತು, ಮಷೀನಿನ ಒಳಗಿನದೆಲ್ಲ ಪರದೆಯ ಮೇಲೆ ಬರುತ್ತಿತ್ತು. ಯಾವ ಕೋಣೆಗೆ ಯಾವ ನಂಬರು, ಹೊರಗಿನ ಕರೆ ಬಂದರೆ ಮೊದಲು ಎಲ್ಲಿ ಬಾರಿಸಬೇಕು, ಎಲ್ಲ. ಮೊದಲ ಸಲ ನೋಡಿದ ದಿನ ನಾನು ಬೇಕಿಲ್ಲದಿದ್ದರೂ ಮೇಲಿನಿಂದ ಕೆಳಗಿನತನಕ ಓದಿದೆ.

ಅದನ್ನು ಕೆಲವು ವರ್ಷ ಹೊತ್ತು ತಿರುಗಿದೆ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು, ಮನೆ ಮನೆಯ ಲ್ಯಾಂಡ್‌ಲೈನ್ ಹೋದವು. ಆಸ್ಪತ್ರೆ, ಮಿಲ್ಲು, ಲಾಡ್ಜುಗಳಲ್ಲಿ ಮಾತ್ರ ನಮ್ಮ ಡಬ್ಬಿಗಳು ಉಳಿದವು. ಒಂದು ದಿನ ಬಿರಾದಾರ ಸರ್ ಹೊಸ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು. ಬೆಳ್ಳಿ ಬಣ್ಣ, ತೆಳ್ಳಗೆ ರೊಟ್ಟಿಯ ಹಾಗೆ. ಮುಚ್ಚಳಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ನಾನು ಎತ್ತಿ ತಿರುಗಿಸಿದೆ. ಹಿಂದೆ ಏನೂ ಇಲ್ಲ. ಎಡಕ್ಕೆ ಇಲ್ಲ, ಬಲಕ್ಕೂ ಇಲ್ಲ.

"ಸರ್, ಇದರ ಸೀರಿಯಲ್ ಪೋರ್ಟ್ ಎಲ್ಲೈತ್ರಿ?"

ಈಗ ಅದೆಲ್ಲ ಯಾರು ಕೊಡ್ತಾರೆ, ಯುಎಸ್‌ಬಿಗೆ ಕನ್ವರ್ಟರ್ ಹಾಕಿಕೊಂಡರೆ ಆಯಿತು ಎಂದು ಒಂದು ಗಿಡ್ಡ ವೈರು ನನ್ನ ಕೈಗಿಟ್ಟರು. ಹಳೆಯದು ಎಲ್ಲಿ ಎಂದು ಕೇಳಿದೆ. ಹಳೆಯದು ಕೊಟ್ಟು ಹೊಸದು ತರುವ ಆಫರಿನಲ್ಲಿ ಅಂಗಡಿಯವನಿಗೆ ಕೊಟ್ಟು ಬಂದಿದ್ದರು. ನಾನು ಕೂಡಿಸಿದ ಎಲ್ಲ ಊರುಗಳ ಪ್ರೋಗ್ರಾಮಿನ ಪ್ರತಿ ಅದರಲ್ಲೇ ಇತ್ತು. ನನಗೆ ಮೆಟ್ಟಿಲು ಇಳಿಯುವಾಗ ಕಾಲ ಕೆಳಗಿನ ಪಾವಟಿಗೆಯನ್ನೇ ತೆಗೆದ ಹಾಗಾಯಿತು. ಮರುದಿನ ಬಾಗೇವಾಡಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕನ್ವರ್ಟರ್ ಹಾಕಿ ನೋಡಿದೆ, ನಡೆಯಿತು. ನೋಡ್ರಿ ಮತ್ತ, ಸುಮ್ಮನ ಹೆದರಿದ್ರಿ ಎಂದು ಸರ್ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ನೆಮ್ಮದಿ ಇರಲಿಲ್ಲ.

ಆ ಅಂಜಿಕೆ ನಿಜವಾದದ್ದು ಮುದ್ದೇಬಿಹಾಳದಲ್ಲಿ.

ಅಲ್ಲಿ ಡಾಕ್ಟರ್ ಶೈಲಜಾ ಎನ್ನುವವರ ಚಿಕ್ಕ ಹೆರಿಗೆ ಆಸ್ಪತ್ರೆ. ಹಳೆಯ ಕಲ್ಲಿನ ಕಟ್ಟಡ. ಕೆಳಗೆ ಆಸ್ಪತ್ರೆ, ಮೇಲೆ ಅವರ ಮನೆ. ಗೋಡೆ ಎಷ್ಟು ದಪ್ಪವೆಂದರೆ ಹೆರಿಗೆ ಕೋಣೆಯಲ್ಲಿ ಮೊಬೈಲಿಗೆ ಒಂದು ಕಡ್ಡಿಯೂ ಬರುತ್ತಿರಲಿಲ್ಲ. ಅದಕ್ಕೇ ನಾನು ಆ ಕೋಣೆಗೆ ಒಂದು ವಿಶೇಷ ಏರ್ಪಾಡು ಮಾಡಿಕೊಟ್ಟಿದ್ದೆ: ಸಿಸ್ಟರ್ ರಿಸೀವರ್ ಎತ್ತಿದರೆ ಸಾಕು, ನಂಬರ್ ಒತ್ತಬೇಕಿಲ್ಲ, ಮೇಲೆ ಡಾಕ್ಟರ ಹಾಸಿಗೆಯ ಪಕ್ಕದ ಫೋನು ತಾನೇ ಬಾರಿಸುತ್ತದೆ. ಎರಡೂ ಕೈ ಕೆಲಸದಲ್ಲಿರುವವರಿಗೆ ಅದು ಬೇಕು.

ಒಂದು ಮುಂಜಾನೆ ಕರೆಂಟು ಹೋಗಿ ತಿರುಗಿ ಬರುವಾಗ ಜೋರಾಗಿ ಬಂದು ಎಕ್ಸ್‌ಚೇಂಜಿನ ಪ್ರೋಗ್ರಾಂ ಎಲ್ಲ ಅಳಿಸಿಹೋಗಿತ್ತು. ನಾನು ಮಧ್ಯಾಹ್ನದ ಹೊತ್ತಿಗೆ ಹೋಗಿ ಮುಟ್ಟಿದೆ. ಡಾಕ್ಟರು ಮಂಡಿನೋವಿನವರು. ಮೆಟ್ಟಿಲಿಗೆ ಆತು ನಿಂತಿದ್ದರು. ಸಿಸ್ಟರ್ ಓಡಿ ಬಂದು ಕೂಗಬೇಕು, ಇವರು ಇಳಿಯಬೇಕು; ಮುಂಜಾನೆಯಿಂದ ಹಾಗೇ ನಡೆದಿತ್ತು. ಒಳಗೆ ಒಬ್ಬ ಹೆಣ್ಣುಮಗಳಿಗೆ ನೋವು ಶುರುವಾಗಿತ್ತು.

ಮೊದಲು ಹೊರಗಿನ ಲೈನ್ ನೋಡಿದೆ. ಎಕ್ಸ್‌ಚೇಂಜು ತನ್ನ ಮೂಲ ಸ್ಥಿತಿಗೆ ಹೋಗಿದ್ದರಿಂದ ಹೊರಗಿನ ಕರೆಗಳೆಲ್ಲ ಹಿಂದಿನ ಸಾಮಾನು ಕೋಣೆಯ ಫೋನಿಗೆ ಹೋಗುತ್ತಿದ್ದವು. ಆ ಕೋಣೆಗೆ ಬೀಗ. ನಾನು ಹೊರಗಿನ ಲೈನನ್ನು ಡಬ್ಬಿಯಿಂದ ಬಿಚ್ಚಿ ನೇರವಾಗಿ ಮುಂದಿನ ಕೌಂಟರಿನ ಫೋನಿಗೆ ಜೋಡಿಸಿದೆ. ಜೋಡಿಸಿ ಕೈ ತೆಗೆಯುವಷ್ಟರಲ್ಲಿ ಅದು ಬಾರಿಸಿತು.

ಕೌಂಟರಿನ ಹೆಣ್ಣುಮಗಳು ಎತ್ತಿ, ಕೇಳಿ, ಮುಖ ಸಣ್ಣದು ಮಾಡಿ ಡಾಕ್ಟರಿಗೆ ಕೊಟ್ಟಳು. ಆ ಕಡೆ ಇದ್ದವರು ಒಬ್ಬ ಗರ್ಭಿಣಿಯ ಅಣ್ಣ. ಮುಂಜಾನೆ ಆಕೆಗೆ ನೋವು ಬಂದಾಗಿನಿಂದ ಇಲ್ಲಿಗೆ ಫೋನ್ ಹಚ್ಚಿದ್ದಾರೆ, ಬಾರಿಸುತ್ತದೆ, ಯಾರೂ ಎತ್ತುವುದಿಲ್ಲ. ಆಸ್ಪತ್ರೆ ಮುಚ್ಚಿದೆ ಎಂದುಕೊಂಡು ಜೀಪ್ ಮಾಡಿಕೊಂಡು ವಿಜಯಪುರದ ದಾರಿ ಹಿಡಿದಿದ್ದಾರೆ. ಗೊಳಸಂಗಿ ಹತ್ತಿರ ಜೀಪಿನಲ್ಲೇ ಹೆರಿಗೆಯಾಗಿದೆ. ರಸ್ತೆ ಬದಿಯ ಚಹಾದಂಗಡಿಯ ಹೆಂಗಸರು ಸೀರೆ ಅಡ್ಡ ಹಿಡಿದು ನಿಂತರಂತೆ. ಈಗ ತಾಯಿ ಮಗು ಇಬ್ಬರೂ ಬಾಗೇವಾಡಿಯ ಆಸ್ಪತ್ರೆಯಲ್ಲಿದ್ದರು. ತಾಯಿಗೆ ಬಿಪಿ ಏರಿತ್ತು. ಇಷ್ಟು ತಿಂಗಳು ನೀವು ಯಾವ ಗುಳಿಗೆ ಕೊಟ್ಟಿದ್ದಿರಿ ಎಂದು ಅಲ್ಲಿನ ಡಾಕ್ಟರು ಕೇಳುತ್ತಿದ್ದಾರೆ, ಸ್ವಲ್ಪ ಮಾತಾಡಿ ಎಂದು ಆತ ಬೇಡಿಕೊಳ್ಳುತ್ತಿದ್ದ. ಸಿಟ್ಟು ಮಾಡಲೂ ಅವನಿಗೆ ಪುರುಸೊತ್ತು ಇರಲಿಲ್ಲ.

ಡಾಕ್ಟರು ಬಾಗೇವಾಡಿಯ ಡಾಕ್ಟರ ಜೊತೆ ಮಾತಾಡಿದರು. ನಿಧಾನವಾಗಿ, ಒಂದೊಂದೇ ಗುಳಿಗೆಯ ಹೆಸರು ಹೇಳಿ. ರಿಸೀವರ್ ಇಟ್ಟು ನನ್ನ ಕಡೆ ತಿರುಗಿದರು.

"ಮುಂಜಾನಿಂದ ಫೋನ್ ಹೊಡದೈತಿ ರಜಿಯಾ. ಕೀಲಿ ಹಾಕಿದ ಖೋಲ್ಯಾಗ ಹೊಡದೈತಿ."

ನಾನು ಲ್ಯಾಪ್‌ಟಾಪ್ ತೆಗೆದು ಕೂತೆ. ಕನ್ವರ್ಟರ್ ಹಾಕಿದೆ, ಕೇಬಲ್ ಸಿಕ್ಕಿಸಿದೆ. ಪರದೆಯ ಮೇಲೆ ಬಂದದ್ದು ಅಕ್ಷರಗಳಲ್ಲ, ಬರೀ ಚೌಕಗಳು, ಪ್ರಶ್ನೆಯ ಗುರುತುಗಳು. ತೆಗೆದು ಹಾಕಿದೆ. ವೇಗ ಬದಲಿಸಿ ನೋಡಿದೆ. ಮತ್ತೆ ಚೌಕಗಳು. ಹಳೆಯ ರೀತಿಯಲ್ಲಿ ಕೋಡ್ ಒತ್ತಿ ಮಾಡೋಣವೆಂದರೆ ಆಪರೇಟರ್ ಫೋನಿನ ಲೈನೇ ಸುಟ್ಟುಹೋಗಿತ್ತು. ಡಾಕ್ಟರ ಮನೆಯ ಫೋನಿನ ಲೈನು ಡಬ್ಬಿಗೆ ಆಮೇಲೆ ಸೇರಿಸಿದ ಬೇರೆ ಸರ್ಕಿಟ್ ಕಾರ್ಡಿನಲ್ಲಿತ್ತು; ಪ್ರೋಗ್ರಾಂ ಹಾಕದ ಹೊರತು ಎಕ್ಸ್‌ಚೇಂಜು ಆ ಕಾರ್ಡಿನ ಗುರುತೇ ಹಿಡಿಯುತ್ತಿರಲಿಲ್ಲ. ಒಳಗಿನಿಂದ ಆ ಹೆಣ್ಣುಮಗಳ ನರಳಾಟ ಕೇಳುತ್ತಿತ್ತು. ನಾನು ಬೆಳ್ಳಿ ಬಣ್ಣದ ಆ ಮಷೀನನ್ನು ಮುಚ್ಚಿ, ಈಗ ಬಂದೆ ಎಂದು ಹೇಳಿ ಹೊರಗೆ ನಡೆದೆ.

ಬಜಾರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಎಲ್ಲ ಹೊಸವೇ. ಒಂಬತ್ತು ಪಿನ್ನು ಅಂದರೆ ನಗುತ್ತಿದ್ದರು. ಝೆರಾಕ್ಸ್ ಅಂಗಡಿಯವರನ್ನು ಕೇಳಿದೆ, ಫೋಟೋ ಸ್ಟುಡಿಯೋದವರನ್ನು ಕೇಳಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ತಾಳಿಕೋಟಿ ರಸ್ತೆಗೆ ಬಂದು ಯಾವ ಕಡೆ ಹೋಗಲಿ ಎಂದು ನಿಂತಿದ್ದೆ. ಎದುರಿಗೆ ತೊಗರಿ ತುಂಬಿದ ಒಂದು ಲಾರಿ ತೂಕದ ಕಾಟಾದ ಮೇಲೆ ಏರಿ ನಿಂತಿತು. ಪಕ್ಕದ ಕೋಣೆಯ ಕಿಟಕಿಯಲ್ಲಿ ಧೂಳು ಹಿಡಿದ ಒಂದು ಕಂಪ್ಯೂಟರು. ಲಾರಿಯ ತೂಕ ಆ ಕಂಪ್ಯೂಟರಿಗೆ ಹೇಗೆ ಹೋಗುತ್ತದೆ? ಒಳಗೆ ನುಗ್ಗಿ ಅದರ ಹಿಂದೆ ಬಗ್ಗಿ ನೋಡಿದೆ. ಒಂಬತ್ತು ಪಿನ್ನು. ಎರಡೂ ಸ್ಕ್ರೂ ಸಮೇತ.

ಕಾಟಾದ ಮಾಲೀಕ ಸಂಗಪ್ಪ ನನ್ನನ್ನು ಕಳ್ಳಿ ಎಂದುಕೊಂಡಿದ್ದರೂ ತಪ್ಪಿರಲಿಲ್ಲ. ವಿಷಯ ಹೇಳಿದೆ. ತೊಗರಿ ಸುಗ್ಗಿ, ಹೊರಗೆ ಲಾರಿಗಳ ಸಾಲು, ಇದನ್ನು ಕಿತ್ತುಕೊಟ್ಟು ನಾನೇನು ಮಾಡಲಿ ಎಂದ. ತೂಕದ ಅಂಕಿ ಕಂಪ್ಯೂಟರಿನ ಪಕ್ಕದ ಆ ಚಿಕ್ಕ ಡಬ್ಬಿಯ ಮೇಲೆ ಹೇಗೂ ಕಾಣುತ್ತದೆ, ಅದನ್ನು ನೋಡಿ ಕೈಯಲ್ಲಿ ಚೀಟಿ ಬರೆದುಕೊಡಿ ಎಂದೆ.

"ಅಂಕಿ ಕಾಣ್ತೈತ್ರಿ ಅಕ್ಕಾರ. ಕೈಚೀಟಿ ಅಡತಿಯವ್ರು ನಂಬಂಗಿಲ್ಲ. ನಾಳಿಂದ ಇಲ್ಲಿಗಿ ಲಾರಿ ಬರಂಗಿಲ್ಲ."

ಅವನದೂ ಸುಳ್ಳಲ್ಲ; ಅಚ್ಚಾದ ಚೀಟಿ ನೋಡಿಯೇ ಅಡತಿ ದಲಾಲರು ಕಾಳಿಗೆ ದುಡ್ಡು ಎಣಿಸುವುದು. ಹೊರಗೆ ಹಾರ್ನ್ ಹೊಡೆಯುತ್ತಿದ್ದರು. ನನಗೆ ಬೇರೆ ಮಾತು ತೋಚಲಿಲ್ಲ. ಮುಂಜಾನೆ ಗೊಳಸಂಗಿ ದಾರಿಯಲ್ಲಿ ಆದದ್ದನ್ನು ಹೇಳಿದೆ, ಈಗ ಕೋಣೆಯೊಳಗೆ ಇನ್ನೊಬ್ಬಳು ಇದ್ದಾಳೆ ಎಂದು ಹೇಳಿದೆ. ಕಿಟಕಿಗೆ ಮೊಣಕೈ ಊರಿ ನಿಂತಿದ್ದ ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಎಲ್ಲ ಕೇಳಿಸಿಕೊಂಡಿದ್ದರು.

"ಬರಿಯೋ ಸಂಗಪ್ಪ ಕೈಲೆ. ಅಡತಿಯವ್ರು ಕೇಳಿದ್ರ ನಾ ಹೇಳ್ತೇನಿ."

ಸಂಗಪ್ಪ ಅವರನ್ನೊಮ್ಮೆ, ಸಾಲನ್ನೊಮ್ಮೆ ನೋಡಿದ. ತಮ್ಮನನ್ನು ಕರೆದು ಚೀಟಿ ಬರೆಯಲು ಕೂಡಿಸಿ ವೈರು ಕಿತ್ತ. ಆದರೆ ಕಂಪ್ಯೂಟರನ್ನು ನನ್ನ ಕೈಗೆ ಕೊಡಲಿಲ್ಲ. ಆಟೋದಲ್ಲಿ ತಾನೇ ತೊಡೆಯ ಮೇಲಿಟ್ಟುಕೊಂಡು ಬಂದ. ಆಸ್ಪತ್ರೆಯ ನೆಲದ ಮೇಲೆ ಅದನ್ನು ಜೋಡಿಸಿದೆವು. ಪೆನ್‌ಡ್ರೈವಿನಿಂದ ನನ್ನ ಸಾಫ್ಟ್‌ವೇರ್ ಹಾಕಿದೆ, ಕೇಬಲ್ ಸಿಕ್ಕಿಸಿದೆ. ಎರಡೂ ಸ್ಕ್ರೂ ತಿರುಗಿಸಿದೆ. ಪರದೆಯ ಮೇಲೆ ಮೊದಲ ಸಾಲು ಬಂತು. ಅಕ್ಷರಗಳು, ನಿಜವಾದ ಅಕ್ಷರಗಳು.

ಹಳೆಯ ಪ್ರತಿ ಇರಲಿಲ್ಲವಲ್ಲ, ಒಂದೊಂದೇ ಕೋಣೆಗೆ ಹೋಗಿ ಫೋನ್ ಎತ್ತಿ ನೋಡಿ ಮತ್ತೆ ಬರೆಯಬೇಕಾಯಿತು. ಎಲ್ಲಕ್ಕಿಂತ ಮೊದಲು ಹೆರಿಗೆ ಕೋಣೆ ಮತ್ತು ಡಾಕ್ಟರ ಮನೆ. ಸಂಗಪ್ಪ ತನ್ನ ಕಂಪ್ಯೂಟರಿನ ಪಕ್ಕ ರೋಗಿಯ ಸಂಬಂಧಿಕನ ಹಾಗೆ ಕೂತಿದ್ದ. ಡಾಕ್ಟರನ್ನು ಮೇಲೆ ಕಳಿಸಿದೆ. ಸಿಸ್ಟರಿಗೆ ರಿಸೀವರ್ ಎತ್ತಲು ಹೇಳಿದೆ. ಮೇಲೆ ಗಂಟೆ ಬಾರಿಸಿದ್ದು ಆ ಕಲ್ಲಿನ ಗೋಡೆ ದಾಟಿ ಕೆಳಗೆ ಕೇಳಲಿಲ್ಲ. ಸಿಸ್ಟರ್ ಕಿವಿಗೆ ಹಿಡಿದುಕೊಂಡಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. "ಹ್ಞೂಂ ಡಾಕ್ಟರ್, ಕೇಳಾಕತ್ತೈತ್ರಿ" ಅಂದಳು. ಸಂಜೆ ಮುಂದೆ ಅವಳು ಎರಡನೇ ಸಲ ಎತ್ತಿದ್ದು ನಿಜವಾದ ಕೆಲಸಕ್ಕೆ. ಡಾಕ್ಟರು ಗೋಡೆ ಹಿಡಿದು ಇಳಿದು ಒಳಗೆ ಹೋದರು. ಹೆಣ್ಣು ಕೂಸು ಹುಟ್ಟಿತು. ಅದರ ಅಜ್ಜಿ ಹಂಚಿದ ಪೇಢೆಯಲ್ಲಿ ಸಂಗಪ್ಪನಿಗೂ ಸಿಕ್ಕಿತು. ಅವನು ಅದನ್ನು ಬಾಯಿಗೆ ಹಾಕಿಕೊಂಡು ಕಂಪ್ಯೂಟರ್ ಎತ್ತಿಕೊಂಡು ಹೋದ.

ಮರುದಿನ ಬಿರಾದಾರ ಸರ್‌ಗೆ ಎಲ್ಲ ಹೇಳಿದೆ. ಅವರು ಕೇಳಿ, "ಕೆಲಸ ಆತಲ್ಲ ಮತ್ತ?" ಅಂದರು.

ಆ ಒಂದು ಮಾತು ನನ್ನನ್ನು ಸುಟ್ಟಿತು. ಆ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲಿಟ್ಟು, ಇದನ್ನು ತಗೊಂಡು ನಾನು ಇನ್ನು ಯಾವ ಊರಿಗೂ ಹೋಗುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ಹೊಸದನ್ನು ಕಲಿಯುವ ಮನಸ್ಸಿಲ್ಲ ನಿಮಗೆ ಅಂದರು. ನಾನು ಅಂಗಡಿಯಲ್ಲೇ ಕೂತು ಹಳೆಯ ಫೋನುಗಳ ಧೂಳು ಒರೆಸುತ್ತಿದ್ದೆ. ಕಾಲು ಸುಮ್ಮನಿರುತ್ತಿರಲಿಲ್ಲ, ಬಸ್ಸಿನ ಹಾರ್ನ್ ಕೇಳಿದರೆ ಎದ್ದು ನಿಲ್ಲುತ್ತಿದ್ದೆ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ ಎಂಬ ಚಿಂತೆ ಬೇರೆ. ಅಷ್ಟರಲ್ಲಿ ಬಾಗೇವಾಡಿಯ ಬೇರೊಂದು ಮಿಲ್ಲಿನಿಂದ ಕರೆ ಬಂತು. ಸರ್ ನನ್ನನ್ನು ಕೇಳದೆ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ತಾವೇ ಹೋದರು.

ತಿರುಗಿ ಬಂದಾಗ ಅಂಗಿಯೆಲ್ಲ ಎಣ್ಣೆ, ಧೂಳು. ಲ್ಯಾಪ್‌ಟಾಪನ್ನು ಕನ್ವರ್ಟರ್ ಸಮೇತ ಮೇಜಿನ ಮೂಲೆಗೆ ತಳ್ಳಿದರು. ಮುಖ ತೊಳೆದು ಬಂದು ಕುರ್ಚಿಯಲ್ಲಿ ಕೂತು ಹೇಳಿದರು: "ಸೊಲ್ಲಾಪುರಕ್ಕ ಹೋಗ್ರಿ. ನಿಮಗ ಬೇಕಾದ್ದು ನೀವ ನೋಡಿ ತರ್ರಿ." ಒಳ್ಳೆಯ ಮನುಷ್ಯ ಅವರು. ತಪ್ಪಾಯಿತು ಎನ್ನುವ ಶಬ್ದ ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ.

ಇಂಡಿಯಿಂದ ಝಳಕಿಗೆ ಹೋಗಿ ಸೊಲ್ಲಾಪುರದ ಬಸ್ಸು ಹಿಡಿದೆ. ಅಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಯವರು ಹೊಳೆಯುವುದನ್ನೇ ಮುಂದಿಡುತ್ತಾರೆ. ನಾನು ಎಲ್ಲವನ್ನೂ ಬೆನ್ನು ತಿರುಗಿಸಿ ನೋಡುತ್ತ ಹೋದೆ. ಕೊನೆಗೆ ಗೋದಾಮಿನಿಂದ ಒಂದು ದಪ್ಪ ಮಷೀನು ಬಂತು. ಪೋರ್ಟ್ ಇದೆ ಎಂದರೆ ಸಾಲದು, ಅದು ಜೀವಂತ ಇರಬೇಕು. ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಎರಡನೇ ಮತ್ತು ಮೂರನೇ ಪಿನ್ನಿಗೆ ತಾಗಿಸಿ ಹಿಡಿದೆ, ಒಂದು ಅಕ್ಷರ ಒತ್ತಿದೆ. ಒತ್ತಿದ ಅಕ್ಷರ ಹೊರಗೆ ಹೋಗಿ ತಿರುಗಿ ಒಳಗೆ ಬಂದು ಪರದೆಯ ಮೇಲೆ ಕಂಡಿತು. ಹೇರ್‌ಪಿನ್ ತೆಗೆದು ಒತ್ತಿದೆ, ಏನೂ ಕಾಣಲಿಲ್ಲ. ಹಾಗಾದರೆ ಪೋರ್ಟ್ ಸರಿಯಿದೆ. ಅಂಗಡಿಯವರು ಇದು ಯಾವ ಮಂತ್ರ ಎಂದು ಮರಾಠಿಯಲ್ಲಿ ಕೇಳಿದರು. ಕೀಲಿಮಣೆಯ ಎಲ್ಲ ಗುಂಡಿ ಒತ್ತಿ ನೋಡಿದೆ, ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ಎಂದು ಬಾಗಿಲಿಗೆ ಒಯ್ದು ನೋಡಿದೆ, ಚಾರ್ಜರಿನ ವೈರು ಎಳೆದು ನೋಡಿದೆ. ಬೇಜಾರಾಗಿ ಅವರು ಚಹಾ ತರಿಸಿದರು. ಆ ದಪ್ಪ ಮಷೀನನ್ನೇ ತಗೊಂಡು ಬಂದೆ.

ಹೊಸಬರಿಗೆ ನಾನು ಹೇಳುವುದು ಇಷ್ಟು. ನಿಮ್ಮ ಲ್ಯಾಪ್‌ಟಾಪು ಮಾತಾಡಬೇಕಾದದ್ದು ಅಂಗಡಿಯವರ ಜೊತೆಗಲ್ಲ, ಗೋಡೆಯ ಮೇಲಿನ ಆ ಡಬ್ಬಿಯ ಜೊತೆಗೆ. ಆ ಡಬ್ಬಿ ಯಾವ ಕಾಲದ್ದು ಎಂದು ಮೊದಲು ತಿಳಿದುಕೊಳ್ಳಿ. ಕನ್ವರ್ಟರ್ ಕೆಟ್ಟದ್ದಲ್ಲ; ಆಮೇಲೆ ಒಳ್ಳೆಯವು ಬಂದವು, ನಾನೂ ಬಳಸಿದೆ. ಆದರೆ ಒಂದು ಡಬ್ಬಿಯ ಜೊತೆ ನಡೆದದ್ದು ಇನ್ನೊಂದರ ಜೊತೆ ನಡೆದೀತು ಎಂದು ಬಸ್ಸು ಹತ್ತಬೇಡಿ. ಪ್ರೋಗ್ರಾಮಿನ ಪ್ರತಿ ಎರಡು ಕಡೆ ಇರಲಿ. ಮತ್ತೆ, ಹಳೆಯದನ್ನು ಕೊಟ್ಟು ಹೊಸದು ತರುವ ದಿನ ನಿಮ್ಮ ಸಾಹೇಬರ ಜೊತೆ ನೀವೂ ಹೋಗಿ.

ಕೊನೆಯ ವರ್ಷಗಳಲ್ಲಿ ಎಲ್ಲ ಬದಲಾಯಿತು. ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ಸಾಕು, ಯಾವ ಲ್ಯಾಪ್‌ಟಾಪ್ ಆದರೂ ನಡೆಯುವ ಹೊಸ ಎಕ್ಸ್‌ಚೇಂಜುಗಳು ಬಂದವು. ಆಮೇಲೆ ಕೇಬಲ್ಲೂ ಬೇಡವಾಯಿತು. ಇಂಡಿಯ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಸಿಂದಗಿಯ ಫೋನು ಸರಿಮಾಡುತ್ತಿದ್ದೆ. ಸರಿಯಾಯಿತು ಎಂದು ಪರದೆ ಹೇಳುತ್ತಿತ್ತು. ಆದರೂ ನಾನು ಅಲ್ಲಿನವರಿಗೆ ಫೋನ್ ಹಚ್ಚಿ, ಎತ್ತಿ ನೋಡ್ರಿ, ಸದ್ದು ಬರ್ತೈತೇನು ಎಂದು ಕೇಳುತ್ತಿದ್ದೆ. ಯಾರಾದರೂ ಹಲೋ ಅನ್ನುವತನಕ ಎದೆ ತಣ್ಣಗಾಗುತ್ತಿರಲಿಲ್ಲ. ಆ ಚಡಪಡಿಕೆ ಹೋಗಲೇ ಇಲ್ಲ. ನಿವೃತ್ತಿಯಾದರೆ ಹೋಗುತ್ತದೆ ಎಂದುಕೊಂಡಿದ್ದೆ.

ಹೋದ ವಾರ ಇಂಡಿಯ ಬಜಾರಿನಲ್ಲಿ ನೀರೆತ್ತುವ ಮೋಟರು ರಿಪೇರಿ ಮಾಡುವ ಅಂಗಡಿಗೆ ಹೋಗಿದ್ದೆ. ಮಾಲೀಕರು ಒಳಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಮೇಜಿನ ಮೇಲಿನ ಫೋನು ಬಾರಿಸಿತು. ನಿಂತಿತು. ಮತ್ತೆ ಬಾರಿಸಿತು. ಅವರು ತಲೆ ಎತ್ತಲಿಲ್ಲ. ನಾನು ತಡೆದುಕೊಂಡು ಕೂತೆ. ಮತ್ತೆ ಬಾರಿಸಿದಾಗ ಎದ್ದುಹೋಗಿ ಎತ್ತಿದೆ. ಆ ಕಡೆ ಸಾಲೋಟಗಿಯ ಒಬ್ಬ ಮುದುಕಿ, ತಮ್ಮ ಮೋಟರ್ ಆಯಿತೇನು ಎಂದು ಕೇಳಿದರು. ಒಳಗೆ ಕೇಳಿದೆ, ನಾಳೆ ಎಂದು ಹೇಳಿ ಅಂದರು. ನಾಳಿಗಿ ಆಗ್ತೈತಂತ್ರಿ ಎಂದು ಹೇಳಿದೆ.

"ನಾಳಿಗಾದ್ರೂ ಆಗಲಿ ತಂಗಿ. ಮುಂಜಾನಿಂದ ಹಚ್ಚಾಕತ್ತೇನಿ. ಯಾರಾರ ಎತ್ತಿದ್ರಲ್ಲ, ಅಷ್ಟ ಸಾಕು."

ರಿಸೀವರ್ ಇಟ್ಟೆ. ಮಾಲೀಕರು ಒಳಗಿನಿಂದ ನಗುತ್ತ, ಅಕ್ಕಾರ, ನೀವು ನಮ್ಮಲ್ಲೇ ಕೆಲಸಕ್ಕೆ ಬಂದುಬಿಡ್ರಿ ಅಂದರು. ನಾನೂ ನಕ್ಕು ಬೆಂಚಿನ ಮೇಲೆ ಕೂತೆ. ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಫೋನು ಮತ್ತೆ ಬಾರಿಸಿತು. ಒಳಗೆ ತಂತಿ ಸುತ್ತುವ ಸದ್ದು ನಿಲ್ಲಲಿಲ್ಲ. ನಾನು ಎದ್ದೆ.